ಸತ್ತ ಕುರಿ, ಉಳಿದ ಕುರಿ

ಪಶುವೈದ್ಯನಾಗಲು ಹೊರಟ ವಿದ್ಯಾರ್ಥಿಯು ನಾಲ್ಕೂವರೆ ವರ್ಷ ಓದಿ, ಮತ್ತೊಂದು ವರ್ಷ ಇಂಟರ್ನ್‌ಶಿಪ್ ಮುಗಿಸುವಷ್ಟರಲ್ಲಿ ಎಲುಬುಗಳ ಹೆಸರುಗಳನ್ನೆಲ್ಲ ಬಾಯಿಪಾಠ ಮಾಡಿರುತ್ತಾನೆ. ಔಷಧಿಯ ಪ್ರಮಾಣವನ್ನು ತಿಳಿದಿರುತ್ತಾನೆ. ಸೂಜಿ ಹಿಡಿಯುವ ಕೈಯೂ ಪಳಗಿರುತ್ತದೆ. ಕಂಡುದನ್ನು ಕಂಡ ಹಾಗೆ ಬರೆಯುವುದು, ಬರೆದುದನ್ನು ದನದ ಒಡೆಯನಿಗೆ ತಿಳಿಯುವಂತೆ ಹೇಳುವುದು ಎಂಬ ಎರಡು ವಿದ್ಯೆಗಳು ಮಾತ್ರ ಹೇಗೋ ತಾವಾಗಿಯೇ ಬಂದುಬಿಡುತ್ತವೆ ಎಂದು ನಾವೆಲ್ಲ ನಂಬಿಕೊಂಡಂತಿದೆ. ಸಂಖ್ಯಾಶಾಸ್ತ್ರವೇನೋ ಪಠ್ಯಕ್ರಮದಲ್ಲಿದೆ. ಆದರೆ ಉತ್ತರಪತ್ರಿಕೆಯಲ್ಲಿ ಸರಾಸರಿ ತೆಗೆಯುವುದು ಬೇರೆ, ರಾಮದುರ್ಗದ ಬಿಸಿಲಿನಲ್ಲಿ ಹಟ್ಟಿಯ ಮುಂದೆ ನಿಂತು ಕುರಿ ಎಣಿಸುವುದು ಬೇರೆ.

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗಗಳ ಸೀಮೆಯು ಈ ಪಾಠಕ್ಕೆ ಹೇಳಿ ಮಾಡಿಸಿದಂತಹುದು. ಕಿತ್ತೂರಿನ ಪಡುವಲಿಗೆ ಮಲೆನಾಡಿನ ಸೆರಗು. ಬೈಲಹೊಂಗಲಕ್ಕೆ ಬಂದರೆ ಎರೆಹೊಲ, ಜೋಳ, ಹತ್ತಿ. ಮಲಪ್ರಭೆಯ ಜೊತೆಗೆ ಸವದತ್ತಿಯನ್ನು ದಾಟಿ ರಾಮದುರ್ಗವನ್ನು ಸೇರುವಷ್ಟರಲ್ಲಿ ಕಲ್ಲುಗುಡ್ಡ, ಕುರುಚಲು, ಕುರಿಹಿಂಡು. ಒಂದೇ ಹಗಲಿನ ಪ್ರಯಾಣದಲ್ಲಿ ಇಷ್ಟು ಬಗೆಯ ಮೇವು, ಇಷ್ಟು ಬಗೆಯ ಬೇನೆ.

ಕೆಲವು ವರ್ಷಗಳ ಹಿಂದೆ ನಾನು ಕೆಲ ವಿದ್ಯಾರ್ಥಿಗಳನ್ನು ರಾಮದುರ್ಗ ತಾಲೂಕಿನ ಒಂದು ಹಟ್ಟಿಗೆ ಕರೆದುಕೊಂಡು ಹೋಗಿದ್ದೆ. ಒಬ್ಬ ವಿದ್ಯಾರ್ಥಿನಿ ತನ್ನ ಪುಸ್ತಕದಲ್ಲಿ ‘ಹಿರೇಬೇನೆಯಿಂದ 12 ಕುರಿ ಸತ್ತಿವೆ’ ಎಂದು ಬರೆದುಕೊಂಡು ಗಟ್ಟಿಯಾಗಿ ಓದಿದಳು. ಕಂಬಳಿ ಹೊದ್ದು ಕುಳಿತಿದ್ದ ಹಿರಿಯ ಕುರುಬರು ಕೇಳಿದರು: “ಸತ್ತವನ್ನಷ್ಟ ಬರಕೊಂಡ್ಯಲ್ಲ ತಂಗಿ, ಉಳದಾವನ್ನ ಯಾರ ಬರಕೋಬೇಕು?”

ಇಡೀ ಸೋಂಕುಶಾಸ್ತ್ರವು ಈ ಒಂದು ಪ್ರಶ್ನೆಯ ಮೇಲೆ ನಿಂತಿದೆ. ಮೂವತ್ತರಲ್ಲಿ ಹನ್ನೆರಡು ಸತ್ತರೆ ಅದೊಂದು ಅನಾಹುತ. ಮುನ್ನೂರರಲ್ಲಿ ಹನ್ನೆರಡು ಸತ್ತರೆ ಕಥೆಯೇ ಬೇರೆ. ಸತ್ತವು ಮರಿಗಳೋ, ತಾಯಿಕುರಿಗಳೋ? ಮೊದಲನೆಯದು ಸಂತೆಯಿಂದ ತಂದುದೋ, ಹಟ್ಟಿಯಲ್ಲಿಯೇ ಹುಟ್ಟಿದುದೋ? ಲಸಿಕೆ ಬಿದ್ದವುಗಳಲ್ಲಿ ಎಷ್ಟು, ಬೀಳದವುಗಳಲ್ಲಿ ಎಷ್ಟು? ಇನ್ನು ‘ಹಿರೇಬೇನೆಯಿಂದ’ ಎಂಬ ಮಾತು. ಆ ಹುಡುಗಿ ಕಂಡದ್ದು ಸುರಿಯುವ ಮೂಗು, ಬಾಯೊಳಗಿನ ಹುಣ್ಣು, ಭೇದಿ. ಸತ್ತ ಲೆಕ್ಕ ಅವಳು ಕೇಳಿದ್ದು. ರೋಗದ ಹೆಸರು ಅವಳು ಊಹಿಸಿದ್ದು. ಅದನ್ನು ನಿಶ್ಚಯಿಸಲು ಪ್ರಯೋಗಾಲಯಕ್ಕೆ ಮಾದರಿ ಹೋಗಬೇಕು. ಕಂಡದ್ದು, ಕೇಳಿದ್ದು, ಊಹಿಸಿದ್ದು, ಮೂರೂ ಒಂದೇ ಸಾಲಿನಲ್ಲಿ ಕಲಸಿಹೋಗಿದ್ದವು. ಅಂದಿನಿಂದ ನಾನು ಈ ಮೂರಕ್ಕೂ ಮೂರು ಬೇರೆ ಪುಟಗಳನ್ನು ಇಡಿಸುತ್ತೇನೆ. ವಿದ್ಯಾರ್ಥಿಗಳು ಗೊಣಗುತ್ತಾರೆ, ಗೊಣಗಲಿ.

‘ಇಲ್ಲ’ ಎಂದು ಬರೆಯುವುದೂ ಒಂದು ವಿದ್ಯೆಯೇ. ದೊಡ್ಡರೋಗವೆಂದು ನಮ್ಮ ಹಿರಿಯರು ಹೆದರುತ್ತಿದ್ದ ರಿಂಡರ್‌ಪೆಸ್ಟ್ ನಮ್ಮ ದೇಶದಲ್ಲಿ ಕೊನೆಯ ಸಲ ಕಾಣಿಸಿಕೊಂಡದ್ದು 1995ರಲ್ಲಿ. ದೇಶವು ಅದರ ಸೋಂಕಿನಿಂದ ಮುಕ್ತವೆಂದು ಮಾನ್ಯತೆ ಪಡೆದುದು 2006ರಲ್ಲಿ. ಜಗತ್ತೇ ಮುಕ್ತವೆಂದು ಸಾರಿದುದು 2011ರಲ್ಲಿ. ನಡುವಿನ ವರ್ಷಗಳಲ್ಲಿ ಲಸಿಕೆಯನ್ನು ನಿಲ್ಲಿಸಿ, ಹಳ್ಳಿ ಹಳ್ಳಿ ತಿರುಗಿ, ರೋಗವಿದೆಯೇ ಎಂದು ಹುಡುಕಬೇಕಾಯಿತು. ಹುಡುಕಿ ಬರೆದ ಸೊನ್ನೆಗೂ ಹುಡುಕದೆ ಬಿಟ್ಟ ಖಾಲಿ ಮನೆಗೂ ಇರುವ ಅಂತರವನ್ನು ತಿಳಿಯದವನ ವರದಿಯಿಂದ ಆ ಮಾನ್ಯತೆ ದೊರೆಯುತ್ತಿರಲಿಲ್ಲ. ಇಂದು ಬೆಂಗಳೂರಿನ ಯಲಹಂಕದಲ್ಲಿರುವ ‘ನಿವೇದಿ’ ಎಂಬ ರಾಷ್ಟ್ರೀಯ ಸಂಸ್ಥೆಯು ಜಾನುವಾರು ರೋಗಗಳ ಮುನ್ಸೂಚನೆ ಕೊಡುತ್ತದೆ. ತಾಲೂಕಿನ ಆಸ್ಪತ್ರೆಯ ರಜಿಸ್ಟರಿನಲ್ಲಿ ಮನೆ ಖಾಲಿ ಬಿದ್ದಿದ್ದರೆ ಯಾವ ಗಣಕಯಂತ್ರ ಏನು ಮಾಡೀತು?

ಇನ್ನು ಹೇಳುವ ವಿದ್ಯೆ. 2022ರಲ್ಲಿ ಚರ್ಮಗಂಟು ರೋಗವು ನಮ್ಮ ರಾಜ್ಯದಲ್ಲೆಲ್ಲ ಹಬ್ಬಿದಾಗ ದನಗಳಿಗೆ ಹಾಕಿದ್ದು ಆಡಿನ ಸಿಡುಬಿನ ಲಸಿಕೆ. “ಆಡಿನ ಔಷಧ ಎತ್ತಿಗ್ಯಾಕ್ರಿ?” ಎಂದು ರೈತನು ಕೇಳಿದರೆ ಅದು ಅಜ್ಞಾನವಲ್ಲ, ನ್ಯಾಯವಾದ ಪ್ರಶ್ನೆ. ‘ಮೇಲಿನವರು ಕಳಿಸಿದ್ದಾರೆ’ ಎಂಬುದು ಅದಕ್ಕೆ ಉತ್ತರವಾಗದು. ಈ ರೋಗದ ವೈರಾಣು, ಕುರಿಸಿಡುಬಿನದು, ಆಡುಸಿಡುಬಿನದು, ಮೂರೂ ಒಂದೇ ಮನೆತನದವು. ಒಂದನ್ನು ಗುರುತಿಸಲು ಕಲಿತ ಮೈ ಇನ್ನೊಂದನ್ನೂ ತಡೆಯಬಲ್ಲುದು. ಇಷ್ಟು ಹೇಳಿದರೆ ಸಾಕು. ಆಡು ದನದ ನೆರವಿಗೆ ಬಂದುದು ಇದೇ ಮೊದಲಲ್ಲ. 1920ರ ದಶಕದಲ್ಲಿ ಮುಕ್ತೇಶ್ವರದ ಸಂಶೋಧನಾಲಯದಲ್ಲಿ ಜೆ. ಟಿ. ಎಡ್ವರ್ಡ್ಸ್ ಅವರು ದೊಡ್ಡರೋಗದ ವೈರಾಣುವನ್ನು ಆಡಿನಿಂದ ಆಡಿಗೆ ದಾಟಿಸುತ್ತ ಅದರ ಮೊನೆ ಮುರಿದು ಲಸಿಕೆ ಸಿದ್ಧಪಡಿಸಿದ್ದರು. ಲಸಿಕೆ ಹಾಕಿಸಿದರೂ ಕೆಲವು ದನಗಳಿಗೆ ಗಂಟು ಬರಬಹುದು ಎಂಬುದನ್ನೂ ಮೊದಲೇ ಹೇಳಿಬಿಡಬೇಕು. ಆಮೇಲೆ ಹೇಳಿದರೆ ಅದು ನೆಪವೆನಿಸುತ್ತದೆ.

ಇಂಥ ವಿಷಯಗಳನ್ನು ಕನ್ನಡದಲ್ಲಿ ಹೇಳಲಾಗದು ಎನ್ನುವವರು ಈಗಲೂ ಇದ್ದಾರೆ. ಚಾಲುಕ್ಯ ರಾಜಪುತ್ರನಾದ ಕೀರ್ತಿವರ್ಮನು 12ನೆಯ ಶತಮಾನದ ಮೊದಲ ಭಾಗದಲ್ಲಿಯೇ ‘ಗೋವೈದ್ಯ’ವನ್ನು ಕನ್ನಡದಲ್ಲಿ ಬರೆದನು. ಅವನಿಗೆ ಸಾಧ್ಯವಾದುದು ನಮಗೇಕೆ ಕಷ್ಟವಾಯಿತೋ! ವಿದ್ವತ್ಪತ್ರಿಕೆಗೆ ಇಂಗ್ಲಿಷಿನಲ್ಲಿ ಬರೆಯಬೇಡಿರೆಂದು ನಾನು ಹೇಳುವುದಿಲ್ಲ, ಬರೆಯಲೇಬೇಕು. ಆದರೆ ಅದೇ ವರದಿಯನ್ನು ಹತ್ತು ಸಾಲಿನ ಕನ್ನಡದಲ್ಲಿ ಬರೆದು ದನದ ಒಡೆಯನ ಮುಂದೆ ಓದಿ ಬರುವಂತೆ ಕಳಿಸುತ್ತೇನೆ. ಅವನು ತಿದ್ದಿದ ಮಾತುಗಳನ್ನು ಕೆಂಪು ಮಸಿಯಲ್ಲಿ ಬರೆದು ತರಬೇಕು.

ಸವದತ್ತಿಯ ಎಲ್ಲಮ್ಮನ ಗುಡ್ಡಕ್ಕೆ ಬನದ ಹುಣ್ಣಿಮೆ, ಭಾರತ ಹುಣ್ಣಿಮೆಗಳಲ್ಲಿ ದೂರದೂರದಿಂದ ಚಕ್ಕಡಿಗಳು ಬರುತ್ತವೆ. ಎತ್ತುಗಳು ಒಂದೇ ಕಡೆ ನೀರು ಕುಡಿದು, ಒತ್ತೊತ್ತಾಗಿ ಮಲಗಿ ಏಳುತ್ತವೆ. ಮೈಮೇಲೆ ಗಂಟು ಕಾಣದ ಎತ್ತೂ ರೋಗವನ್ನು ಹೊತ್ತು ಬಂದಿರಬಹುದು. ಚರ್ಮಗಂಟು ರೋಗಕ್ಕೆ ಈ ಅವಧಿಯನ್ನು 28 ದಿನಗಳವರೆಗೆ ಲೆಕ್ಕ ಹಿಡಿಯುತ್ತಾರೆ. ಇದನ್ನು ತಿಳಿಸುವ ಕರಪತ್ರಕ್ಕೆ ವಿದ್ಯಾರ್ಥಿಗಳು ಮೊದಲು ‘ಸುಪ್ತಾವಸ್ಥೆಯ ಅವಧಿ’ ಎಂದು ಬರೆದಿದ್ದರು. ಬೈಲಹೊಂಗಲದ ಹತ್ತಿರದ ಹಳ್ಳಿಯೊಂದರಲ್ಲಿ ಅದನ್ನು ಓದಿದಾಗ, ಹಿಂಡಿ ಕಲಸುತ್ತಿದ್ದ ಹೆಣ್ಣುಮಗಳೊಬ್ಬಳು ಕೈ ನಿಲ್ಲಿಸದೆಯೇ, “ಬ್ಯಾನಿ ಒಳಗ ಕುಂತಿರೂ ದಿನಾ ಅಂತ ಬರೀರಿ” ಎಂದಳು. ಕರಪತ್ರವು ಹಾಗೆಯೇ ಅಚ್ಚಾಯಿತು.