ಕಂಡ ಚಿತ್ರ, ಕಾಣದ ಅಕ್ಷರ

ಶಿರಸಿ ತಾಲ್ಲೂಕಿನ ಗುಡ್ನಾಪುರದಲ್ಲಿ ಕದಂಬ ರವಿವರ್ಮನ ಶಾಸನಸ್ತಂಭವಿದೆ. ಸುಮಾರು 1500 ವರ್ಷ ಹಿಂದಿನದು. ವಿದ್ಯಾರ್ಥಿಗಳೊಡನೆ ಹೋಗಿ ಅದರ ಛಾಯಾಚಿತ್ರ ತೆಗೆದೆ. ಡಿಜಿಟಲ್ ಕ್ಯಾಮೆರಾದ ಪುಟ್ಟ ತೆರೆಯಲ್ಲಿ ಅಕ್ಷರಗಳು ಈಗ ತಾನೆ ಕಡೆದಂತೆ ತೋರಿದವು. ಮನೆಗೆ ಬಂದು ಕಂಪ್ಯೂಟರಿನಲ್ಲಿ ನೋಡಿದರೆ ಚಿತ್ರ ಮಂಕು, ಅಕ್ಷರ ಮಸುಕು!

ಶ್ರೋತೃಗಳೇ, ಚಿತ್ರ ಬದಲಾಗಿರಲಿಲ್ಲ. ಅದು ಅಂಕೆಗಳ ರಾಶಿ. ಅಂಕೆಗಳನ್ನು ಬೆಳಕಾಗಿ ತೋರುವ ತೆರೆಗಳು ಬೇರೆ. ಒಂದೇ ಪದ್ಯವನ್ನು ಇಬ್ಬರು ಗಮಕಿಗಳು ವಾಚಿಸಿದಂತೆ, ಒಂದರ ಕಾಂತಿ ಹೆಚ್ಚು, ಇನ್ನೊಂದರ ವರ್ಣದ ಹದ ಬೇರೆ. ಮೇಲಾಗಿ, ಕಿರಿಯ ತೆರೆ ಲಕ್ಷಗಟ್ಟಲೆ ಬಿಂದುಗಳನ್ನು ಕುಗ್ಗಿಸಿ ಕೈನಡುಕದ ಮಸುಕನ್ನು ಮುಚ್ಚಿಡುತ್ತದೆ. ಹಿರಿಯ ತೆರೆ ಬಯಲಿಗೆಳೆಯುತ್ತದೆ.

ಆದುದರಿಂದ ಸ್ಥಳದಲ್ಲಿಯೇ ಚಿತ್ರವನ್ನು ಹಿಗ್ಗಿಸಿ, ಅಕ್ಷರ ಓದಿ ನೋಡಿರಿ. ಅಲ್ಲಿ ತಪ್ಪಿದ್ದನ್ನು ಯಾವ ತೆರೆಯೂ ಮರಳಿ ಕೊಡಲಾರದು. ಕಲ್ಲಾದರೋ ಸವೆಯುತ್ತಲೇ ಇದೆ.