ಕನ್ನಡ ಬಾಳಿನಲ್ಲಿ ನಿಸರ್ಗ
(ರಾಜ್ಯೋತ್ಸವ ಸಭೆಯಲ್ಲಿ ಮಾಡಿದ ಭಾಷಣ)



ಚೆರ್ರಿ ಹೂ ಅರಳಿತೆಂದರೆ ಜಪಾನೀಯರು ಮನೆಮಂದಿಯೊಡನೆ ಮರದಡಿ ಕುಳಿತು ಉಣ್ಣುತ್ತಾರೆ. ಶರತ್ಕಾಲದ ಚಂದ್ರನನ್ನು ನೋಡುವುದೇ ಅವರಿಗೊಂದು ಹಬ್ಬ. ಇದನ್ನು ಓದಿ ನಾವು ಬೆರಗಾಗುತ್ತೇವೆ. ಆದರೆ ನಮ್ಮ ಮನೆಯಲ್ಲೇ ಇರುವ ಇಂಥ ಸಂಪತ್ತನ್ನು ಎಂದಾದರೂ ಎಣಿಸಿ ನೋಡಿದ್ದೇವೆಯೇ?

ಶರತ್ಕಾಲದ ಹುಣ್ಣಿಮೆ ನಮಗೂ ಉಂಟು. ಆಶ್ವಯುಜದ ಸೀಗೆ ಹುಣ್ಣಿಮೆಯಂದು ಮಲೆನಾಡಿನ ರೈತನಿಗೆ ಭೂಮಿಯೇ ಬಸುರಿ ಹೆಣ್ಣು. ತೆನೆಗಟ್ಟುವ ಗದ್ದೆಗೆ ಬಯಕೆಯ ಅಡಿಗೆ ಮಾಡಿ, ನಸುಕಿನಲ್ಲೇ ಚರಗ ಬೀರುತ್ತಾನೆ. ಕೊಡಗಿನಲ್ಲಿ ಸಾವಿರಕ್ಕೂ ಹೆಚ್ಚು ದೇವರಕಾಡುಗಳಿವೆ; ಅಲ್ಲಿ ಕೊಡಲಿ ಎತ್ತಬಾರದೆಂಬುದು ಹಿರಿಯರ ಕಟ್ಟಳೆ. ಒಂಬತ್ತನೆಯ ಶತಮಾನದ ಕವಿರಾಜಮಾರ್ಗವು ನಾಡಿನ ಎಲ್ಲೆಯನ್ನು ಕಾವೇರಿ, ಗೋದಾವರಿಗಳೆಂಬ ನದಿಗಳಿಂದಲೇ ಗುರುತಿಸಿತು. ಪಂಪನು 941ರಲ್ಲಿ ತನ್ನ ಭಾರತವನ್ನು ಮುಗಿಸಿದಾಗ ಇದ್ದದ್ದು ಇಂದಿನ ತೆಲಂಗಾಣದ ವೇಮುಲವಾಡದ ಅರಿಕೇಸರಿಯ ಆಶ್ರಯದಲ್ಲಿ. ತೆಂಕಣ ಗಾಳಿ, ಅರಳಿದ ಮಲ್ಲಿಗೆ ಇವೇ ಅವನ ಕಾವ್ಯದಲ್ಲಿ ಬನವಾಸಿಯನ್ನು ನೆನಪಿಗೆ ತರುತ್ತವೆ. ದೂರದೂರಿನಲ್ಲಿರುವ ನಮಗೆ ಆ ಹಂಬಲ ಹೊಸದಲ್ಲ.

ಈ ನಗರದಲ್ಲಿ ಹುಟ್ಟಿದ ನಮ್ಮ ಮಕ್ಕಳಿಗೆ ಆರಿದ್ರ, ಪುನರ್ವಸು ಮಳೆಗಳ ಹೆಸರು ತಿಳಿಯದು. ಅದು ಅವರ ತಪ್ಪಲ್ಲ. ತವರಿನಲ್ಲಿ ಮುಂಗಾರು ಭೋರ್ಗರೆಯುವಾಗ ಇಲ್ಲಿ ಸೆಖೆ. ಅಲ್ಲಿ ಮಳೆ ಹಿಂದೆಗೆದ ಮೇಲೆ, ರಾಜ್ಯೋತ್ಸವದ ಹೊತ್ತಿಗೆ, ಇಲ್ಲಿ ಹಿಂಗಾರು. ಹಾಗೆಂದು ನಂಟು ಕಡಿದಿಲ್ಲ. 1996ರಲ್ಲಿ ತೆಲುಗು ಗಂಗಾ ಕಾಲುವೆಯಿಂದ ಕೃಷ್ಣೆಯ ನೀರು ಚೆನ್ನೈಗೆ ಬಂದಿತು; ಅದಕ್ಕೆ ಕರ್ನಾಟಕವೂ ತನ್ನ ಪಾಲಿನಿಂದ 5 ಟಿಎಂಸಿ ಕೊಡಲೊಪ್ಪಿತ್ತು. 2004ರಲ್ಲಿ ವೀರಾಣಂ ಕೆರೆಯ ಮಾರ್ಗವಾಗಿ ಕಾವೇರಿಯೂ ಬಂದಳು. ತಲಕಾವೇರಿಯಲ್ಲಿ ಹುಟ್ಟಿದವಳು, ನಮ್ಮಂತೆಯೇ ಊರು ಬಿಟ್ಟು ಬಂದವಳು. ಅವಳಿಗಾಗಿ ಎರಡು ರಾಜ್ಯಗಳು ಜಗಳವಾಡಿದಾಗಲೆಲ್ಲ ಹುಟ್ಟಿದ ನಾಡು, ಅನ್ನವಿತ್ತ ನಾಡು ಎರಡರ ನಡುವೆ ನಿಂತು ನೋಯುವವರು ನಾವು.

2019ರ ಬೇಸಿಗೆಯಲ್ಲಿ ಈ ನಗರದ ಕೆರೆಗಳು ಬತ್ತಿ, ಜೋಲಾರಪೇಟೆಯಿಂದ ರೈಲಿನಲ್ಲಿ ನೀರು ತರಬೇಕಾಯಿತು. ನದಿಯನ್ನು ತಾಯಿ ಎಂದು ಹಾಡಿದರೆ ಸಾಲದೆಂದು ಆಗ ಅರಿತೆವು. ಮಳೆನೀರಿನ ಸಂಗ್ರಹವನ್ನು ತಮಿಳುನಾಡು 2003ರಲ್ಲೇ ಕಡ್ಡಾಯ ಮಾಡಿದೆ. ಆ ಗುಂಡಿಯ ಹೂಳನ್ನು ಪ್ರತಿ ವರ್ಷ ಸೀಗೆ ಹುಣ್ಣಿಮೆಯಂದು ಮಕ್ಕಳ ಕೈಯಿಂದಲೇ ತೆಗೆಸೋಣ. ಇಲ್ಲಿ ಗದ್ದೆಯಿಲ್ಲದ ನಮಗೆ ಅದೇ ಚರಗ. ಕೆಲಸ ಮುಗಿದ ಮೇಲೆ, ಕೈ ತೊಳೆಯುತ್ತ, ಮಳೆಗಳ ಹೆಸರನ್ನೂ ಅವರಿಗೆ ಹೇಳಿಕೊಡೋಣ.