ಆಲೆಮನೆಗೆ ಬಂದ ಯಂತ್ರ
(ಹನಕೆರೆಯ ಸಭೆಯಲ್ಲಿ ಆಡಿದ ಮಾತು)



ನಮ್ಮ ಸೀಮೇಲಿ ಆಲೆಮನೆ ಅಂದರೆ ಬೆಲ್ಲದ ವಾಸನೆ. 2023ರ ನವೆಂಬರಿನಲ್ಲಿ ಬೆಂಗಳೂರಿನ ಪೊಲೀಸರು ಒಂದು ಜಾಲ ಹಿಡಿದಾಗ ಬೇರೇದೇ ವಾಸನೆ ಬಂತು. ಮಂಡ್ಯದ ಆಲೆಮನೆಯೊಂದರಲ್ಲಿ ಸ್ಕ್ಯಾನಿಂಗ್ ಯಂತ್ರ ಇಟ್ಟು, ಬಸುರಿಯರ ಹೊಟ್ಟೇಲಿರೋದು ಗಂಡೋ ಹೆಣ್ಣೋ ಅಂತ ನೋಡುತ್ತಿದ್ದರು, ಹೆಣ್ಣಾದರೆ ತೆಗೆಸುತ್ತಿದ್ದರು ಎಂಬುದು ಆರೋಪ.

ಇದೇ ಯಂತ್ರಕ್ಕಾಗಿ ನಮ್ಮತ್ತಿಗೆ ಏನು ಪಾಡು ಪಟ್ಟಳು ಕೇಳಿ. ಅವಳಿಗೆ ಐದು ತಿಂಗಳು. ಮಗು ನೆಟ್ಟಗಿದೆಯಾ ಅಂತ ನೋಡಬೇಕಿತ್ತು. ಸರ್ಕಾರಿ ಆಸ್ಪತ್ರೇಲಿ "ಸ್ಕ್ಯಾನ್ ಮಾಡೋ ಡಾಕ್ಟ್ರಿಲ್ಲ, ನಾಳೆ ಬಾರವ್ವ" ಅಂದರು. ಮೂರು ಸಲ ಬಸ್ಸು ಹತ್ತಿದಳು. ಮೂರು ದಿನದ ಕಬ್ಬಿನ ಗದ್ದೆ ಕೂಲಿ ಹೋಯಿತು. ಕಡೆಗೆ ಸಾಲ ಮಾಡಿ ಖಾಸಗಿಗೆ ಹೋದಳು. ಯಂತ್ರಕ್ಕೆ ಕಾಲಿಲ್ಲ, ಬಂಧುಗಳೇ. ಕಾಸು ಕರೆದರೆ ಆಲೆಮನೆಗೂ ಬರುತ್ತದೆ. ಕೂಲಿಯವಳು ಕರೆದರೆ ಆಸ್ಪತ್ರೆಗೂ ಬರೋದಿಲ್ಲ.

ಕಾನೂನು ಇಲ್ಲವೇ? ಇದೆ. ಅದನ್ನು ಯಾರೂ ಕರುಣೆಯಿಂದ ಕೊಟ್ಟಿಲ್ಲ. 1980ರ ದಶಕದಲ್ಲಿ ಮುಂಬಯಿಯ ಮಹಿಳಾ ಸಂಘಟನೆಗಳು ಬೀದಿಗಿಳಿದ ಮೇಲೆ, 1988ರಲ್ಲಿ ಮಹಾರಾಷ್ಟ್ರ ಕಾನೂನು ಮಾಡಿತು. 1994ರಲ್ಲಿ ಇಡೀ ದೇಶಕ್ಕೆ ಬಂತು. ಆದರೆ ಕಾಗದ ಮಲಗಿಯೇ ಇತ್ತು. ದೇಶದಲ್ಲಿ ಆರು ವರ್ಷದೊಳಗಿನ ಸಾವಿರ ಗಂಡುಮಕ್ಕಳಿಗೆ 1991ರಲ್ಲಿ 945 ಹೆಣ್ಣುಮಕ್ಕಳಿದ್ದರು; 2001ರ ಹೊತ್ತಿಗೆ 927. 2000ದಲ್ಲಿ ಸೇಹತ್, ಮಾಸೂಮ್ ಸಂಸ್ಥೆಗಳೂ ಡಾ. ಸಾಬು ಜಾರ್ಜ್ ಅವರೂ ಸುಪ್ರೀಂ ಕೋರ್ಟಿಗೆ ಹೋಗಿ ಅದನ್ನು ಎಬ್ಬಿಸಿದರು. 2003ರಲ್ಲಿ ತಿದ್ದುಪಡಿಯಾಗಿ ಕಾನೂನು ಬಿಗಿಯಾಯಿತು. ನೋಂದಣಿ ಇಲ್ಲದವರಿಗೆ ಯಂತ್ರ ಮಾರುವಂತಿಲ್ಲ. ಬಸುರಿಗೆ ಮಾಡಿದ ಒಂದೊಂದು ಸ್ಕ್ಯಾನಿಗೂ ಲೆಕ್ಕ ಬರೆದಿಡಬೇಕು.

ಹಂಗಾದರೆ ಆಲೆಮನೆಗೆ ಯಂತ್ರ ಬಂದದ್ದು ಹೇಗೆ? ಲೆಕ್ಕ ನೋಡಬೇಕಾದವರು ಎಲ್ಲಿ ಮಲಗಿದ್ದರು?

ಒಂದು ಎಚ್ಚರ. ಈ ಸುದ್ದಿ ಬಂದಾಗಲೆಲ್ಲ ಬಸುರಿ ಹೆಂಗಸಿನ ಮೇಲೆ ಕಣ್ಣಿಡಿ ಅನ್ನೋರು ಹುಟ್ಟಿಕೊಳ್ಳುತ್ತಾರೆ. ಬೇಡ. ಬಲವಂತಕ್ಕೆ ಸಿಕ್ಕಿದವಳಿಗೆ ಈ ಕಾನೂನಿನಲ್ಲೂ ಶಿಕ್ಷೆಯಿಲ್ಲ. ಕಾವಲು ಯಂತ್ರದ ಮೇಲಿರಲಿ, ಗಂಡು ಬೇಕು ಅಂತ ಅವಳನ್ನ ಕಾರಿಗೆ ಹತ್ತಿಸೋ ಮನೆಯವರ ಮೇಲಿರಲಿ.

ನಾವೇನು ಮಾಡೋದು ಅಂತೀರಾ? ಸಕ್ಷಮ ಪ್ರಾಧಿಕಾರಕ್ಕೆ ದೂರು ಕೊಡಿ. ಅವರು ಸುಮ್ಮನಿದ್ದರೆ, 15 ದಿನಕ್ಕೆ ಕಡಿಮೆಯಿಲ್ಲದ ನೋಟಿಸು ಕೊಟ್ಟು ಯಾವ ಸಂಘಟನೆಯಾದರೂ, ಯಾವ ಮನುಷ್ಯನಾದರೂ ನೇರ ಕೋರ್ಟಿಗೆ ಹೋಗಬಹುದು. ಆ ಹಕ್ಕು ಕಾನೂನಿನಲ್ಲೇ ಇದೆ. ಅದರ ಜೊತೆಗೇ ಇನ್ನೊಂದು ಅರ್ಜಿ ಬರೆಯೋಣ: ನಮ್ಮ ಸರ್ಕಾರಿ ಆಸ್ಪತ್ರೆಗೆ ಯಂತ್ರ ಬೇಕು, ಅದನ್ನ ನೋಡೋಕೆ ಬರೋ ಡಾಕ್ಟರು ಬೇಕು.

ಮೊದಲ ಹೆಬ್ಬೆಟ್ಟು ನಮ್ಮತ್ತಿಗೇದು. ಎರಡನೇ ಸಹಿ ನಂದು. ಮೂರನೇದು ಯಾರದು?